ಅಂಜದೆ ಹೇಳಿ

ಇನ್ನೂ ಹುಟ್ಟಿಯೇ ಇಲ್ಲದ ಯಂತ್ರವೊಂದು ಮನೆ ಮುರಿಯಬಲ್ಲದೇ ಎಂದು ಯಾರಾದರೂ ಕೇಳಿದರೆ ಡೋಬ್ರಿಲೋವೊ ಊರಿನವರು ಮಿಲುಟಿನ್‌ನ ಮನೆಯ ಕಡೆ ಕೈ ತೋರಿಸುತ್ತಾರೆ. ತೋರಿಸಿದವರೇ ಆ ಕಡೆ ಈ ಕಡೆ ನೋಡಿ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸುತ್ತಾರೆ. ಮಿಲುಟಿನ್‌ಗೆ ಎಲ್ಲವೂ ತಿಳಿದುಬಿಡುತ್ತದೆ ಎಂಬ ಭಯ ಅಲ್ಲಿ ಇನ್ನೂ ಹೋಗಿಲ್ಲ.

ಮಿಲುಟಿನ್‌ಗೆ ಏನೇನೂ ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನು ಡೋಬ್ರಿಲೋವೊ ಪುರಸಭೆಯ ಕಂಪ್ಯೂಟರ್ ಅಧಿಕಾರಿ. ಅದಕ್ಕೆ ಮೊದಲು ರೇಡಿಯೊ, ಟೀವಿ ರಿಪೇರಿ ಮಾಡಿಕೊಂಡಿದ್ದ. ಪುರಸಭೆಗೆ ಮೊಟ್ಟಮೊದಲ ಕಂಪ್ಯೂಟರ್ ಬಂದ ದಿನ ಪ್ಲಗ್ ಹಾಕಿಕೊಡಲು ಅವನನ್ನು ಕರೆದರು. ಹಾಕಿದ. ಆಮೇಲೆ ಯಾರೂ ಅವನನ್ನು ಮನೆಗೆ ಕಳಿಸಲಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಎಳೆಯುವುದರಲ್ಲಿ ಅವನನ್ನು ಮೀರಿಸುವವರು ಇಡೀ ಸರ್ಬಿಯಾದಲ್ಲಿ ಇರಲಾರರು. ಉಳಿದ ರೋಗಗಳಿಗೆಲ್ಲ ಅವನಲ್ಲಿ ಒಂದೇ ಮದ್ದು: ಆರಿಸುವುದು, ಮತ್ತೆ ಹಚ್ಚುವುದು.

ಹೀಗಿರುವಾಗ ಬೆಲ್‌ಗ್ರೇಡ್‌ನಿಂದ ಒಂದು ಸುತ್ತೋಲೆ ಬಂತು. ಕ್ವಾಂಟಮ್ ಕಂಪ್ಯೂಟರ್ ಎಂಬ ಮಹಾಯಂತ್ರ ಮುಂದೊಂದು ದಿನ ಬರಲಿದೆ, ಬಂದ ದಿನ ಈಗಿನ ಗುಪ್ತಲಿಪಿಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಆದ್ದರಿಂದ ಪ್ರತಿ ಪುರಸಭೆಯೂ ಈಗಿನಿಂದಲೇ ಸಿದ್ಧವಾಗಬೇಕು, ಇದಕ್ಕೊಬ್ಬ ಹೊಣೆಗಾರನನ್ನು ನೇಮಿಸಬೇಕು. ಇಂಥ ಕೆಲಸಕ್ಕೆ ಆಳನ್ನು ಆರಿಸಲು ಡೋಬ್ರಿಲೋವೊದಲ್ಲಿ ಹಳೆಯ ಪದ್ಧತಿಯೊಂದಿದೆ: ಸಭೆಗೆ ಬಾರದವನ ತಲೆಗೆ ಕಟ್ಟುವುದು. ಮಿಲುಟಿನ್ ಆ ಹೊತ್ತಿಗೆ ಹಲ್ಲು ಕೀಳಿಸಲು ಹೋಗಿದ್ದ. ಊದಿದ ಕೆನ್ನೆ ಹಿಡಿದುಕೊಂಡು ವಾಪಸು ಬಂದಾಗ ಅವನಿಗೆ ಹುದ್ದೆಯೊಂದು ಕಾದಿತ್ತು.

ತರಬೇತಿ ಬೆಲ್‌ಗ್ರೇಡ್‌ನ ಒಂದು ಹೋಟೆಲಿನಲ್ಲಿ ನಡೆಯಿತು. ಊಟ ಚೆನ್ನಾಗಿತ್ತು. ಉಪನ್ಯಾಸದಲ್ಲಿ ಮಿಲುಟಿನ್‌ಗೆ ಅರ್ಥವಾದದ್ದು ಇಷ್ಟು: ಕಳ್ಳನೊಬ್ಬ ಇವತ್ತು ಬೀಗ ಹಾಕಿದ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗುತ್ತಾನೆ. ಬೀಗ ತೆಗೆಯಲು ಅವನಿಗೆ ಬಾರದು. ಅವಸರವಿಲ್ಲ, ಮನೆಯಲ್ಲಿಟ್ಟುಕೊಂಡು ಕಾಯುತ್ತಾನೆ. ಹತ್ತೋ ಹದಿನೈದೋ ವರ್ಷಕ್ಕೆ ಆ ಯಂತ್ರ ಬರುತ್ತದೆ, ಪೆಟ್ಟಿಗೆ ತೆರೆಯುತ್ತದೆ. ಆದ್ದರಿಂದ ಬೀಗಗಳನ್ನು ಈಗಲೇ ಬದಲಿಸಬೇಕು, ಅದಕ್ಕೆ ಮೊದಲು ಯಾವ ಪೆಟ್ಟಿಗೆಗೆ ಯಾವ ಬೀಗ ಹಾಕಿದೆ ಎಂದು ತಿಳಿದುಕೊಳ್ಳಬೇಕು. ಪುರಸಭೆಯಲ್ಲಿ ಯಾವ ಬೀಗಗಳಿವೆ ಎಂದು ಯೋಚಿಸುತ್ತ ಮಿಲುಟಿನ್ ಬಸ್ಸಿನಲ್ಲಿ ನಿದ್ದೆ ಹೋದ.

ಬೀಗಗಳಲ್ಲೆಲ್ಲ ಮುಖ್ಯವಾದದ್ದು ಒಂದಿತ್ತು. ಪುರಸಭೆಯ ಅಧ್ಯಕ್ಷರ ಕನಸಿನ ಕೂಸು, ‘ಅಂಜದೆ ಹೇಳಿ’ ಎಂಬ ಜಾಲತಾಣ. ಮನೆಯಲ್ಲೇ ಕೂತು ಯಾರ ಮೇಲೆ ಬೇಕಾದರೂ ಪುರಸಭೆಗೆ ದೂರು ಕೊಡಬಹುದು. ಹೆಸರು ಕೊಡಲೇಬೇಕು, ಆದರೆ ಕೊಟ್ಟ ಕೂಡಲೇ ಅದು ಗುಪ್ತಲಿಪಿಯೊಳಗೆ ಹೋಗಿ ಬೀಗ ಬೀಳುತ್ತದೆ; ಅಧ್ಯಕ್ಷರಿಗೂ ಕಾಣುವುದಿಲ್ಲ, ನ್ಯಾಯಾಲಯ ಹೇಳಿದ ಹೊರತು ತೆರೆಯುವುದಿಲ್ಲ. ಮೊದಲ ವರ್ಷ ಊರಿನ ಜನಸಂಖ್ಯೆಗಿಂತ ದೂರುಗಳೇ ಹೆಚ್ಚಾದವು. ಜನರಿಗೆ ಆಡಳಿತದಲ್ಲಿ ಎಂಥ ಆಸಕ್ತಿ ಎಂದು ಅಧ್ಯಕ್ಷರು ಟೀವಿಯಲ್ಲಿ ಕಣ್ಣೊರೆಸಿಕೊಂಡರು.

ಆ ದೂರುಗಳಲ್ಲೊಂದು ಲ್ಯೂಬಿಶಾನ ತಾರಸಿಯನ್ನು ಬಲಿ ತೆಗೆದುಕೊಂಡಿತ್ತು. ಲ್ಯೂಬಿಶಾ ಮಿಲುಟಿನ್‌ನ ಬೇಲಿಯಾಚೆಯ ನೆರೆಯವನು; ಅದಕ್ಕಿಂತ ಹೆಚ್ಚಾಗಿ ಅವನ ಕುಮ್. ಅಂದರೆ ಮದುವೆಯ ದಿನ ಪಕ್ಕದಲ್ಲಿ ನಿಂತು ಸಾಕ್ಷಿ ಹಾಕಿದವನು, ಮಗಳಿಗೆ ಹೆಸರಿಟ್ಟವನು; ಒಬ್ಬರನ್ನೊಬ್ಬರು ಕರೆಯುವುದೂ ‘ಕುಮೆ’ ಎಂದೇ. ಒಡಹುಟ್ಟಿದವರು ಜಗಳವಾಡಿ ಕೋರ್ಟು ಹತ್ತಬಹುದು, ಅದು ನಡೆದುಬಂದ ವಾಡಿಕೆ. ಕುಮ್‌ನ ಮನಸ್ಸು ಮುರಿದವನಿಗೆ ಮಾತ್ರ ಊರಲ್ಲಿ ಮುಖವಿಲ್ಲ. ಈ ಲ್ಯೂಬಿಶಾ ತನ್ನ ಗ್ಯಾರೇಜಿನ ಮೇಲೆ ಗಾಜು ಹಾಕಿಸಿ, ದ್ರಾಕ್ಷಿ ಬಳ್ಳಿ ಹಬ್ಬಿಸಿ, ಚೆಂದದ ತಾರಸಿ ಕಟ್ಟಿದ್ದ. ಅನುಮತಿ ಪಡೆದಿರಲಿಲ್ಲ. ಅನುಮತಿ ಪಡೆದು ಕಟ್ಟುವವರನ್ನು ಡೋಬ್ರಿಲೋವೊದಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಯಾರೋ ಅಂಜದೆ ಹೇಳಿದರು. ಬುಲ್ಡೋಜರ್ ಬಂದು, ಬೆಳಗಿನ ಕಾಫಿ ಆರುವುದರೊಳಗೆ ತಾರಸಿಯನ್ನು ನೆಲಸಮ ಮಾಡಿತು. ಅಂದಿನಿಂದ ಲ್ಯೂಬಿಶಾ ಯಾರ ಕೈ ಕುಲುಕಿದರೂ ಒಂದು ಗಳಿಗೆ ಆ ಬೆರಳುಗಳನ್ನೇ ನೋಡುತ್ತಿದ್ದ, ಇವುಗಳಲ್ಲಿ ಯಾವುದು ಒತ್ತಿರಬಹುದು ಎಂದು.

ಮಿಲುಟಿನ್ ಬೆಲ್‌ಗ್ರೇಡ್‌ನಿಂದ ಬಂದ ಸಂಜೆ ಊರಿನ ಹೆಂಡದಂಗಡಿಯಾದ ಕಾಫಾನಾದಲ್ಲಿ ಊರಿನವರೆಲ್ಲ ಹಣ್ಣಿನ ಸಾರಾಯಿ ರಾಕಿಯಾ ಹೀರುತ್ತ ಕೂತಿದ್ದರು.

"ಏನಪ್ಪಾ ಹೊಣೆಗಾರ," ಎಂದ ಮಾಂಸದಂಗಡಿಯ ಒಬ್ರಾಡ್. "ಬೆಲ್‌ಗ್ರೇಡಲ್ಲಿ ಏನ್ ಕಲ್ಸಿದ್ರು? ಆರ್ಸಿ ಹಚ್ಚೋದನ್ನ ಇನ್ನೂ ಜೋರಾಗಿ ಮಾಡೋದನ್ನಾ?"

ಎಲ್ಲರೂ ನಕ್ಕರು. ಮಿಲುಟಿನ್‌ಗೆ ಈ ನಗು ಹೊಸದಲ್ಲ. ಆದರೆ ಅವತ್ತು ಅವನ ಕೊರಳಲ್ಲಿ ಹೋಟೆಲಿನವರು ತೂಗುಹಾಕಿದ ಹೆಸರಿನ ಬಿಲ್ಲೆ ಇನ್ನೂ ಇತ್ತು.

"ನಗ್ರಪ್ಪಾ, ನಗ್ರಿ. ಇನ್ನು ಹತ್ತು ವರ್ಷ ನಗ್ತೀರಿ. ಆಮೇಲೆ ಒಂದ್ ಬೀಗಾನೂ ನಿಲ್ಲಲ್ಲ."

"ಯಾವ್ ಬೀಗ?"

"ಕಂಪ್ಯೂಟರ್ ಒಳಗೆ ಬಚ್ಚಿಟ್ಟದ್ದೆಲ್ಲ ಬಯಲಿಗೆ ಬರುತ್ತೆ. ಬ್ಯಾಂಕಿಂದು, ಸೈನ್ಯದ್ದು, ಸರ್ಕಾರದ್ದು."

"ಸೈನ್ಯದ್ದು ಹಾಳಾಗ್ಲಿ ಬಿಡು," ಎಂದಳು ಔಷಧದಂಗಡಿಯ ಕೊಸಾರಾ. "ನಮ್ ಪುರಸಭೇದು?"

"ಪುರಸಭೇದೇ ಮೊದಲು."

"ಅಂಜದೆ ಹೇಳೀನೂ?"

"ಅದೂ."

ಟೀವಿಯಲ್ಲಿ ಯಾವುದೋ ತಂಡ ಗೋಲು ಹೊಡೆಯಿತು, ಯಾರೂ ತಿರುಗಿ ನೋಡಲಿಲ್ಲ. ಆಗ ಲ್ಯೂಬಿಶಾ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಹತ್ತು ವರ್ಷ ಯಾಕ್ ಕಾಯ್ಬೇಕು ಕುಮೆ? ನೀನು ಕಲ್ತು ಬಂದಿದೀಯಲ್ಲ. ನಿಂಗೆ ಈಗ್ಲೇ ಬರಲ್ವಾ?"

ಇಲ್ಲಿ ಮಿಲುಟಿನ್ ‘ಬರಲ್ಲ’ ಎಂಬ ಮೂರಕ್ಷರ ಹೇಳಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವನ ಸುಖವೂ ಹೋಗುತ್ತಿರಲಿಲ್ಲ. ಆದರೆ ಪ್ರಿಂಟರಿನ ಕಾಗದದ ಹೊರತು ಬೇರೇನನ್ನೂ ಯಾರೂ ಅವನನ್ನು ಕೇಳಿದವರಲ್ಲ. ಈಗ ಇಡೀ ಕಾಫಾನಾ ಅವನ ಬಾಯಿಯನ್ನೇ ನೋಡುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಮಿಲುಟಿನ್ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಮುಗುಳುನಕ್ಕ.

"ಅದನ್ನೆಲ್ಲ ನಾನು ಹೇಳೋ ಹಾಗಿಲ್ಲ," ಎಂದ.

ಮರುದಿನ ಬೆಳಗ್ಗೆ ಬೇಕರಿಯ ಸಾಲಿನಲ್ಲಿ ಅವನಿಗೆ ಎಲ್ಲರೂ ಜಾಗ ಬಿಟ್ಟರು. ಅವನು ಸೇರುವ ತನಕ ಸಂತೆಯಂತಿದ್ದ ಸಾಲು ಅವನು ಸೇರಿದ ಕೂಡಲೇ ಗಪ್‌ಚಿಪ್ಪಾಯಿತು. ಜನರಿಗೆ ತನ್ನ ಮೇಲೆ ಗೌರವ ಹುಟ್ಟಿದೆ ಎಂದುಕೊಂಡು ಮಿಲುಟಿನ್ ಎದೆಯುಬ್ಬಿಸಿ ರೊಟ್ಟಿ ತಂದ. ಮನೆಗೆ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಹೊಗೆ ಹಾಕಿದ ಹಂದಿಯ ಇಡೀ ತೊಡೆ ಮಲಗಿತ್ತು.

"ಒಬ್ರಾಡ್ ಕಳ್ಸಿದಾನೆ," ಎಂದಳು ಹೆಂಡತಿ ಡೆಸಾಂಕಾ. "ಏನಕ್ಕೆ ಅಂದ್ರೆ, ‘ಮಿಲುಟಿನ್‌ಗೆ ಗೊತ್ತು’ ಅಂದ. ಏನೋ ಅದು?"

"ನಂಗೇನ್ ಗೊತ್ತು?"

"ನಿಂಗೊತ್ತು ಅಂತ ಅವನು ಹೇಳ್ತಾನಲ್ಲೋ!"

ಮಿಲುಟಿನ್ ತೊಡೆಯನ್ನು ಹೊತ್ತುಕೊಂಡು ಹೋಗಿ ಒಬ್ರಾಡ್‌ನ ಅಂಗಡಿಗೆ ಹಿಂದಿರುಗಿಸಿದ. ಒಬ್ರಾಡ್‌ನ ಮುಖ ಬಿಳುಚಿತು. ಸಂಜೆಗೆ ಎರಡು ತೊಡೆ ಬಂದವು, ಜೊತೆಗೆ ಸಾಸೇಜಿನ ಮಾಲೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಮಿಲುಟಿನ್ ಕುಂಬಳಕಾಯಿಯ ಸುದ್ದಿಯನ್ನೇ ಎತ್ತಿರಲಿಲ್ಲ, ಊರಿಗೆ ಊರೇ ಹೆಗಲು ಮುಟ್ಟಿಕೊಳ್ಳತೊಡಗಿತು. ಕೊಸಾರಾ ಅವನನ್ನು ಔಷಧದಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದಳು.

"ಮಿಲುಟಿನ್, ನನಗೊಬ್ಳು ಗೆಳತಿ ಇದಾಳೆ. ಬಹಳ ಒಳ್ಳೆಯವಳು. ಅವಳು ಯಾವತ್ತೋ ಕೋಪದಲ್ಲಿ ಒಬ್ಬ ಮಾಂಸದಂಗಡಿಯವನ ಹಂದಿದೊಡ್ಡಿ ನಾರುತ್ತೆ ಅಂತ ಬರ್ದಿದ್ಲು. ಈಗ ಪಶ್ಚಾತ್ತಾಪ ಪಡ್ತಿದಾಳೆ."

"ಯಾರು ಆ ಗೆಳತಿ?"

ಕೊಸಾರಾ ಅವನನ್ನು ಬಹಳ ಹೊತ್ತು ದಿಟ್ಟಿಸಿದಳು. "ನೀನು ಇಷ್ಟು ಕ್ರೂರಿ ಅಂತ ಅಂದ್ಕೊಂಡಿರ್ಲಿಲ್ಲ," ಎಂದು ಕಣ್ಣೀರು ತಂದುಕೊಂಡು, ಅವನ ಜೇಬಿಗೆ ಆರು ತಿಂಗಳಿಗಾಗುವಷ್ಟು ರಕ್ತದೊತ್ತಡದ ಮಾತ್ರೆ ತುರುಕಿದಳು. ಮಿಲುಟಿನ್‌ಗೆ ರಕ್ತದೊತ್ತಡ ಇರಲಿಲ್ಲ. ಆಗ ಶುರುವಾಯಿತು.

ಅಧ್ಯಕ್ಷರು ಅವನನ್ನು ಕರೆಸಿ, ಬಾಗಿಲು ಹಾಕಿ, ಕೈತೊಳೆಯುವ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ಪಿಸುಗುಟ್ಟಿದರು.

"ಮಿಲುಟಿನ್, ಒಬ್ಬ ಮನುಷ್ಯ, ಈಗ ನನ್ನಂಥ ಸ್ಥಾನದಲ್ಲಿರೋನು ಅಂತಿಟ್ಕೋ, ತನ್ನ ಉಪಾಧ್ಯಕ್ಷನ ಮೇಲೇ ಒಂದೆರಡು ದೂರು ಬರ್ದಿದ್ರೆ ಅದೂ ಕಾಣುತ್ತಾ?"

"ಏನೂ ಕಾಣಲ್ಲ ಅಧ್ಯಕ್ಷರೇ. ನನಗೆ ಏನೂ ತೆಗೆಯಕ್ಕೆ ಬರಲ್ಲ."

"ಭಲೇ! ಹೀಗೇ ಹೇಳ್ತಾ ಇರು. ಒಂದೆರಡಲ್ಲ, ಎಷ್ಟಿದೆ ಅಂತ ನಿಂಗೆ ಹೇಗೂ ಗೊತ್ತಿದೆ. ಈಗ ಬೆಲ್‌ಗ್ರೇಡಿಗೆ ಏನ್ ಉತ್ತರ ಬರ್ಯೋಣ? ಸಿದ್ಧತೆ ಮುಗೀತು ಅಂತ ಬರ್ದುಬಿಡೋಣ."

"ಶುರುವೇ ಆಗಿಲ್ಲ. ಹೊಸ ಗುಪ್ತಲಿಪಿ ಹಾಕ್ಬೇಕು, ಅದನ್ನ ಬಲ್ಲವರು ಬರ್ಬೇಕು."

"ಬಲ್ಲವರು ಬಂದ್ರೆ ಅವರೂ ಓದ್ತಾರಲ್ಲಯ್ಯಾ! ಬೇಡ. ನಮ್ಮ ದಾರೀಲೇ ಹೋಗೋಣ."

ಅವರ ದಾರಿ ಎಂದರೆ ಇದು: ಮದುವೆ ನೋಂದಣಿಯ ಹಾಲ್‌ನ ಪಕ್ಕದ ಕೋಣೆಯಲ್ಲಿ ಗುಂಯ್‌ಗುಡುತ್ತಿದ್ದ ಸರ್ವರಿಗೆ ಕಬ್ಬಿಣದ ಬಾಗಿಲು ಹಾಕಿಸಿದರು. ಹೊಸದಾಗಿ ಏನನ್ನೇ ಮಾಡಿಸಿದರೂ ಪಾದ್ರಿಯನ್ನು ಕರೆಸಿ ಪವಿತ್ರ ಜಲ ಚಿಮುಕಿಸಬೇಕಲ್ಲ, ಪಾದ್ರಿ ಸಾವಾ ಬಂದರು. ಇಡೀ ಪುರಸಭೆ ಶಿಲುಬೆಯ ಗುರುತು ಹಾಕಿಕೊಂಡು ನಿಂತಿತು. ಪಾದ್ರಿಗಳು ಉದಾರಿಗಳು. ಬಾಗಿಲಿಗೆ ಹಾಕುವಷ್ಟು ಹಾಕಿ, ಒಳಗೆ ಇಣುಕಿ, ಕಾಮಕಸ್ತೂರಿಯ ಕಟ್ಟನ್ನು ತಂಬಿಗೆಯಲ್ಲಿ ಚೆನ್ನಾಗಿ ಅದ್ದಿ ಯಂತ್ರದ ಮೇಲೂ ಮೂರು ಸಲ ಬೀಸಿದರು.

ಚಟ್ ಎಂದಿತು. ನೀಲಿ ಹೊಗೆ ಎದ್ದಿತು. ಗುಂಯ್‌ಗುಟ್ಟುವುದು ನಿಂತಿತು.

"ಒಳಗಿದ್ದದ್ದು ಹೊರಗೆ ಹೋಯ್ತು," ಎಂದರು ಪಾದ್ರಿಗಳು ಗಂಭೀರವಾಗಿ.

ಅದನ್ನು ಒಣಗಿಸಲು ಮಿಲುಟಿನ್ ಕಬ್ಬಿಣದ ಬಾಗಿಲಿನ ಹಿಂದೆ ಒಬ್ಬನೇ, ಹೆಂಡತಿಯ ಕೂದಲೊಣಗಿಸುವ ಯಂತ್ರ ಹಿಡಿದು ದಿನಗಟ್ಟಲೆ ಕೂತ. ಊರಿನವರು ಕಿಟಕಿಯಾಚೆ ಗುಂಪುಗಟ್ಟಿದರು. ಒಳಗಿಂದ ಬುಸ್ಸೆಂಬ ಸದ್ದು. "ಕೇಳಿಸ್ತಾ?" ಎಂದ ಒಬ್ರಾಡ್. "ಆ ಕ್ವಾಂಟಮ್ ಅಂದ್ರೆ ಅದೇ. ಒಂದೊಂದಾಗಿ ತೆಗೀತಿದಾನೆ."

ಹೊರಗೆ ಬಂದಾಗ ಅವನ ಕಣ್ಣು ಬಿಸಿಗಾಳಿಗೆ ಕೆಂಪಾಗಿತ್ತು. ನಮ್ಮದನ್ನೆಲ್ಲ ಓದಿ ಅತ್ತಿದ್ದಾನೆ ಎಂದು ಊರು ತೀರ್ಮಾನಿಸಿತು.

ಈಗ ಮಿಲುಟಿನ್‌ಗೂ ಸ್ವಲ್ಪ ಸ್ವಲ್ಪ ಅರ್ಥವಾಯಿತು. ಕಾಫಾನಾದಲ್ಲಿ ಅವನು ಕೂತ ಮೇಜಿನಿಂದ ಜನ ಎದ್ದು ಹೋಗುತ್ತಿದ್ದರು. ಜೊತೆಗೆ ಚದುರಂಗ ಆಡುವವರಿಲ್ಲ. ಬೇಕೆಂದೇ ಸೋತುಕೊಡುವವರು ಮಾತ್ರ ಇದ್ದರು. ಅವನಿಗೆ ಬಹಳ ದುಃಖವಾಯಿತು. ಎಲ್ಲವನ್ನೂ ಸರಿಪಡಿಸಬೇಕೆಂದು ಪುರಸಭೆಯ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಒಂದು ಪ್ರಕಟಣೆ ಅಂಟಿಸಿದ: ‘ದೂರು ಕೊಟ್ಟವರ ಹೆಸರನ್ನು ನಾನು ಓದಿಲ್ಲ. ಓದಲು ನನಗೆ ಬರುವುದೂ ಇಲ್ಲ. ಮಿಲುಟಿನ್, ಹೊಣೆಗಾರ.’ ಕೆಳಗೆ ದುಂಡು ಮೊಹರು ಒತ್ತಿದ.

ಇದಕ್ಕಿಂತ ದೊಡ್ಡ ತಪ್ಪನ್ನು ಆ ನೆಲದಲ್ಲಿ ಯಾರೂ ಮಾಡಲಾರರು. ಬೆಲೆ ಏರುವುದಿಲ್ಲ ಎಂದು ಸರ್ಕಾರ ಮೊಹರು ಒತ್ತಿ ಹೇಳಿದ ಮರುದಿನ ಬೆಲೆ ಏರಿದೆ. ಯುದ್ಧ ಬರುವುದಿಲ್ಲ ಎಂದು ಹೇಳಿದ ವಾರವೇ ಬಂದಿದೆ. ಅಲ್ಲಿಯ ಜನ ಯಾವ ಗಾಳಿಸುದ್ದಿಯನ್ನೂ ಸುಲಭಕ್ಕೆ ನಂಬುವವರಲ್ಲ; ಅದು ಸುಳ್ಳೆಂದು ಅಧಿಕೃತ ಪ್ರಕಟಣೆ ಬರುವ ತನಕ ಕಾಯುತ್ತಾರೆ.

"ಮೊಹರು ಬೇರೆ ಹಾಕಿದಾನೆ," ಎಂದಳು ಕೊಸಾರಾ ಪ್ರಕಟಣೆಯ ಮುಂದೆ ನಿಂತು. "ಮುಗೀತು. ಎಲ್ಲಾ ಓದಿದಾನೆ."

ಅದೇ ಸಂಜೆ ಲ್ಯೂಬಿಶಾ ಬೇಲಿಯ ಹತ್ತಿರ ಬಂದು ನಿಂತ. ಅವನ ಬೆನ್ನ ಹಿಂದೆ ಬೋಳು ಗ್ಯಾರೇಜು ಕಾಣುತ್ತಿತ್ತು.

"ಕುಮೆ, ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

"ಇಲ್ಲ ಕುಮೆ."

"ಒಂದೇ ಹೆಸರು. ನಾನು ಅವನ ಮೈ ಮುಟ್ಟಲ್ಲ. ಸುಮ್ನೆ ಗೊತ್ತಾದ್ರೆ ಸಾಕು, ಇಡೀ ಊರನ್ನ ಅನುಮಾನದಿಂದ ನೋಡೋದು ತಪ್ಪುತ್ತೆ. ಇದು ಬದುಕಲ್ಲ ಕಣೋ."

"ನಂಗೆ ಗೊತ್ತಿಲ್ಲ. ಮಗಳಾಣೆಗೂ ಗೊತ್ತಿಲ್ಲ."

"ಕಾಫಾನಾದಲ್ಲಿ ಎಲ್ಲರ ಮುಂದೆ ಗೊತ್ತು ಅಂದೆಯಲ್ಲ?"

"ಅನ್ಲಿಲ್ಲ. ನಕ್ಕೆ."

"ನಕ್ಕೆ," ಎಂದ ಲ್ಯೂಬಿಶಾ. ಸ್ವಲ್ಪ ಹೊತ್ತು ಬೇಲಿಯ ಗೂಟವನ್ನು ಅಲ್ಲಾಡಿಸಿ ನೋಡಿದ. "ಸಂತ ಲೂಕನ ದಿನ ಬರ್ತೀನಿ. ರೊಟ್ಟಿ ಕತ್ತರಿಸಿದ ಮೇಲೆ ಮತ್ತೆ ಕೇಳ್ತೀನಿ. ಆ ದಿನ ಯಾವ ಯಜಮಾನನೂ ಸುಳ್ಳು ಹೇಳಲ್ಲ."

ಸಂತ ಲೂಕ ಮಿಲುಟಿನ್‌ನ ಮನೆತನದ ಸಂತ. ಪ್ರತಿ ಮನೆಗೂ ಹೀಗೆ ಒಬ್ಬ ಸಂತನಿರುತ್ತಾನೆ. ಅವನ ದಿನ ಆ ಮನೆಯಲ್ಲಿ ಹಬ್ಬ, ಅದೇ ಸ್ಲಾವಾ. ಸ್ಲಾವಾಕ್ಕೆ ಯಾರನ್ನೂ ಕರೆಯುವಂತಿಲ್ಲ. ಪ್ರೀತಿ ಇದ್ದವರು ತಾವಾಗಿಯೇ ಬರುತ್ತಾರೆ, ಬಾರದವರನ್ನು ಯಾಕೆ ಬರಲಿಲ್ಲ ಎಂದು ಕೇಳುವಂತೆಯೂ ಇಲ್ಲ. ಹಾಗಾಗಿ ಒಬ್ಬ ಮನುಷ್ಯ ಊರಿಗೆ ಬೇಕಾದವನೋ ಬೇಡವಾದವನೋ ಎಂಬುದು ಆ ಒಂದು ದಿನ ಅವನ ಅಂಗಳದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಬೇರೆ ವರ್ಷಗಳಲ್ಲಿ ಮಿಲುಟಿನ್‌ನ ಮನೆಯಲ್ಲಿ ಕುರ್ಚಿ ಸಾಲದೆ ಪೆಟ್ಟಿಗೆಗಳ ಮೇಲೆ ಜನ ಕೂರುತ್ತಿದ್ದರು.

ಡೆಸಾಂಕಾ ಒಂದು ವಾರ ಒಲೆ ಬಿಡಲಿಲ್ಲ. ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಹಂಡೆಗಟ್ಟಲೆ ಸಾರ್ಮಾ ಬೇಯಿಸಿದಳು, ಹಂದಿ ಹುರಿದಳು, ಅಕ್ರೋಡಿನ ಕೇಕುಗಳನ್ನು ಸಾಲಾಗಿ ಜೋಡಿಸಿದಳು. ಹಬ್ಬದ ರೊಟ್ಟಿಯ ಮೇಲೆ ಹಿಟ್ಟಿನಲ್ಲೇ ಬಳ್ಳಿ, ಹಕ್ಕಿ ಬಿಡಿಸಿದಳು. ಬೆಳಗ್ಗೆ ಮಿಲುಟಿನ್ ಸಂತನ ಪಟದ ಮುಂದೆ ದಪ್ಪ ಮೇಣದಬತ್ತಿ ಹಚ್ಚಿ, ಒಗೆದ ಅಂಗಿ ತೊಟ್ಟು, ಬಾಗಿಲಲ್ಲಿ ನಿಂತ.

ಯಾರೂ ಬರಲಿಲ್ಲ. ಬೀದಿಯಲ್ಲಿ ಒಂದು ನಾಯಿ ಬಂತು, ಗೇಟಿನವರೆಗೆ ಬಂದು ಮೂಸಿ, ಏನೋ ನೆನಪಾದಂತೆ ಹೊರಟುಹೋಯಿತು.

"ನಾಯಿ ಮೇಲೂ ಯಾರಾದ್ರೂ ದೂರು ಬರ್ದಿರ್ಬೇಕು," ಎಂದ ಮಿಲುಟಿನ್. ಡೆಸಾಂಕಾ ನಗಲಿಲ್ಲ. ಅವನಿಗೂ ಅಳು ಬರುವಂತಿತ್ತು. ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಇರುವುದಾದರೂ ಏನು? ನಾಲ್ಕು ಜನ ಬಂದು ಕೂತು, ಅವನ ರಾಕಿಯಾ ಕುಡಿದು, ಅವನನ್ನೇ ಗೇಲಿ ಮಾಡಿ ಹೋಗುವುದು. ಅದೂ ಹೋಯಿತು ಎಂದುಕೊಂಡ.

ಮಧ್ಯಾಹ್ನದ ಗಂಟೆ ಹೊಡೆಯಿತು. ಬೀದಿಯ ತಿರುವಿನಲ್ಲಿ ಒಬ್ರಾಡ್ ಕಂಡ. ಅವನ ಹಿಂದೆ ಕೊಸಾರಾ. ಹಿಂದೆ ಅಧ್ಯಕ್ಷರು, ಉಪಾಧ್ಯಕ್ಷರು, ಬೇಕರಿಯವರು, ಬಸ್ಸಿನವರು, ಹತ್ತು ವರ್ಷದಿಂದ ಇತ್ತ ತಲೆ ಹಾಕದವರು. ಊರೆಲ್ಲ ಮದುವೆಯ ಬಟ್ಟೆ ತೊಟ್ಟು, ಒಬ್ಬರಿಗಿಂತ ಒಬ್ಬರು ದೊಡ್ಡ ಬಾಟಲಿ ಹಿಡಿದು ಬರುತ್ತಿತ್ತು.

ಮಿಲುಟಿನ್‌ನ ಕಣ್ಣು ತುಂಬಿತು. "ಬಂದ್ರು ಡೆಸಾಂಕಾ, ಬಂದ್ರು!" ಎಂದು ಕೂಗಿದ. ಬಾರದಿದ್ದವರು ಯಾರೆಂದು ಅವನು ಗಮನಿಸುತ್ತಾನೆ ಎಂಬ ಭಯಕ್ಕೆ ಬಂದವರೆಂದು ಅವನಿಗೆ ಮೊದಲು ಹೊಳೆಯಲಿಲ್ಲ. ಮೊಬೈಲುಗಳನ್ನೆಲ್ಲ ಗೇಟಿನ ಬಳಿ ಒಂದು ಬಕೆಟಿನಲ್ಲಿ ಹಾಕಿ ಒಳಗೆ ಬಂದಾಗಲೂ ಹೊಳೆಯಲಿಲ್ಲ. ಎಲ್ಲರೂ ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ತಿಂದು, ಶಿಲುಬೆಯ ಗುರುತು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತರು.

ಸ್ಲಾವಾ ಎಂದರೆ ಒಂದು ವರ್ಷದ ಚಾಡಿಯನ್ನು ಒಂದು ದಿನದಲ್ಲಿ ಹೇಳಿ ಮುಗಿಸುವ ಹಬ್ಬ. ಅವತ್ತು ಕೇಳಿಸಿದ್ದು ಇಷ್ಟೇ.

"ಹವಾ ಚೆನ್ನಾಗಿದೆ," ಎಂದ ಒಬ್ರಾಡ್.

"ಎಲ್ಲರಿಗೂ ಚೆನ್ನಾಗಿದೆ," ಎಂದರು ಅಧ್ಯಕ್ಷರು, ಸರಕ್ಕನೆ. "ಉಪಾಧ್ಯಕ್ಷರಿಗಂತೂ ಬಹಳ ಚೆನ್ನಾಗಿದೆ. ಅವರು ಬಹಳ ಪ್ರಾಮಾಣಿಕರು."

"ನಿಮ್ಮಷ್ಟಿಲ್ಲ," ಎಂದರು ಉಪಾಧ್ಯಕ್ಷರು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತು.

"ಒಬ್ರಾಡ್‌ನ ಹಂದಿಗಳಿಗೆ," ಎಂದು ಕೊಸಾರಾ ತಡೆತಡೆದು ಶುರು ಮಾಡಿದಳು, "ಒಂಥರಾ ಪರಿಮಳ ಇದೆ. ಕಿಟಕಿ ತೆಗೆದೇ ಮಲಗ್ತೀನಿ."

ಮಿಲುಟಿನ್ ಮೇಜಿನಿಂದ ಮೇಜಿಗೆ ತಟ್ಟೆ ಹೊತ್ತು ಓಡಾಡಿದ. ಸ್ಲಾವಾದಂದು ಯಜಮಾನ ಕೂರಬಾರದು. ಜೋಕು ಹೇಳಿದ, ಹೇಳಿ ಮುಗಿಸುವ ಮೊದಲೇ ಎಲ್ಲರೂ ಒಟ್ಟಿಗೆ ನಕ್ಕು ಒಟ್ಟಿಗೆ ನಿಲ್ಲಿಸಿದರು. ಕೊನೆಗೆ ತಡೆಯಲಾರದೆ, "ನಂಗೇನೂ ಗೊತ್ತಿಲ್ಲ ಕಣ್ರಪ್ಪಾ! ಸುಮ್ನೆ ಜಂಬಕ್ಕೆ ನಕ್ಕೆ! ಬೈರಿ ನನ್ನ, ಯಾರಾದ್ರೂ ಒಬ್ರು ಬೈರಿ!" ಎಂದು ಕೈ ಮುಗಿದ.

"ಆಹಾ, ಎಂಥ ವಿನಯ," ಎಂದಳು ಕೊಸಾರಾ. ಉಳಿದವರು ತಲೆಯಾಡಿಸಿ ಸಾರ್ಮಾ ಹೊಗಳಿದರು.

ಲ್ಯೂಬಿಶಾ ಕೊನೆಯವನಾಗಿ ಬಂದ. ಎಂದಿನಂತೆ ಇಬ್ಬರೂ ಸೇರಿ ರೊಟ್ಟಿಯನ್ನು ಶಿಲುಬೆಯಾಕಾರಕ್ಕೆ ಕತ್ತರಿಸಿ, ಕೆಂಪು ವೈನ್ ಹನಿಸಿ, ನಾಲ್ಕು ಕೈಗಳಲ್ಲಿ ತಿರುಗಿಸಿ ಮುರಿದರು. ಲ್ಯೂಬಿಶಾನ ಕೈ ತಣ್ಣಗಿತ್ತು. ಊಟ ಮುಗಿಯುತ್ತಲೇ ಜನ ಬಂದಂತೆಯೇ ಒಟ್ಟಿಗೆ ಎದ್ದು, ಬಕೆಟಿನಿಂದ ತಮ್ಮ ತಮ್ಮ ಮೊಬೈಲು ಹುಡುಕಿಕೊಂಡು ಹೋದರು. ಇಷ್ಟು ಜನ ಬಂದು ಇಷ್ಟು ಬೇಗ ಖಾಲಿಯಾದ ಸ್ಲಾವಾವನ್ನು ಡೆಸಾಂಕಾ ನೋಡಿರಲಿಲ್ಲ. ಉಳಿದವನು ಕುಮ್ ಒಬ್ಬನೇ.

"ಈಗ ಹೇಳು ಕುಮೆ. ಯಾರು?"

"ಗೊತ್ತಿಲ್ಲ."

"ಒಬ್ರಾಡಾ? ಹೂಂ ಅನ್ನೋದೂ ಬೇಡ, ಸುಮ್ನೆ ನನ್ನ ಕಡೆ ನೋಡು."

"ಲ್ಯೂಬಿಶಾ, ನಾನು ಪ್ರಿಂಟರಿಂದ ಕಾಗದ ಎಳೆಯೋನು! ನಂಗೆ ಗೊತ್ತಿದ್ರೆ ನಿಂಗೆ ಹೇಳ್ತಿರ್ಲಿಲ್ವಾ?"

ಲ್ಯೂಬಿಶಾ ಎದ್ದು ನಿಂತ.

"ಹೇಳ್ತಿದ್ದೆ ನೀನು," ಎಂದ. "ಒಬ್ರಾಡ್ ಆಗಿದ್ರೆ ಹೇಳ್ತಿದ್ದೆ. ಕೊಸಾರಾ ಆಗಿದ್ರೆ ಹೇಳ್ತಿದ್ದೆ. ಪಾದ್ರಿ ಆಗಿದ್ರೂ ಹೇಳ್ತಿದ್ದೆ. ನೀನು ಹೇಳಲಾರದ ಹೆಸರು ಈ ಊರಲ್ಲಿ ಒಂದೇ ಒಂದು."

"ಯಾವ್ದು?"

"ನಿಂದು."

ಅವನು ಗೇಟು ದಾಟಿ ಹೋದ. ಮಿಲುಟಿನ್ ಆ ದಿನ ಮೊದಲ ಸಲ ಕುರ್ಚಿಯ ಮೇಲೆ ಕುಸಿದು ಕೂತ. ತೋಳಲ್ಲಿ ಮುಖ ಹುದುಗಿಸಿ ಮಗುವಿನಂತೆ ಅತ್ತ. "ಆ ಯಂತ್ರ ಇವತ್ತೇ ಬರ್ಬಾರ್ದಾ ಡೆಸಾಂಕಾ," ಎಂದ. "ಬಂದು ಎಲ್ಲಾ ತೆಗೆದು ಬೀದೀಲಿ ಸುರಿಯಬಾರ್ದಾ. ನಾನಲ್ಲ ಅಂತ ಅವನಿಗೆ ಗೊತ್ತಾಗ್ತಿತ್ತು."

ಡೆಸಾಂಕಾ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಇಡುವುದನ್ನು ನಿಲ್ಲಿಸಿದಳು.

"ಬರೋದು ಬೇಡ," ಎಂದಳು.

"ಯಾಕೆ?"

"ನಾನು ಬರ್ದಿದ್ದು."

ಮಿಲುಟಿನ್ ತಲೆ ಎತ್ತಿದ.

"ಆ ತಾರಸಿ ಬಂದ ಮೇಲೆ ನನ್ನ ಹಿತ್ತಲಿಗೆ ಮಧ್ಯಾಹ್ನದ ಬಿಸಿಲೇ ಹೋಯ್ತು. ಒಗೆದ ಬಟ್ಟೆ ಒಣಗಲ್ಲ, ದಪ್ಪಮೆಣಸು ಹಣ್ಣಾಗಲ್ಲ. ಚಳಿಗಾಲಕ್ಕೆ ಒಂದ್ ಬಾಟ್ಲಿ ಐವಾರ್ ಚಟ್ನಿ ಮಾಡಕ್ಕೆ ಆಗ್ಲಿಲ್ಲ. ಅರ್ಧ ಮೀಟರ್ ಹಿಂದಕ್ಕೆ ಸರಿಸ್ತಾರೆ ಅಂದ್ಕೊಂಡೆ. ಬುಲ್ಡೋಜರ್ ಕಳಿಸಿ ಅಂತ ನಾನೇನ್ ಬರ್ದಿದ್ನಾ? ಯಾರಿಗೂ ಕಾಣಲ್ಲ ಅಂತ ನೀನೇ ಹೇಳಿದ್ದೆ."

"ನಾನು ಹೇಳಿದ್ನಾ?"

"ಊಟಕ್ಕೆ ಕೂತಾಗ. ಆ ಬೀಗ ದೇವರಿಗೂ ತೆಗೆಯಕ್ಕೆ ಬರಲ್ಲ ಅಂದೆ."

ಹೊರಗೆ ಗೇಟು ಕಿರುಗುಟ್ಟಿತು. ಲ್ಯೂಬಿಶಾ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣೂ ಅತ್ತಂತಿತ್ತು.

"ಕುಮೆ, ದುಡುಕಿದೆ," ಎಂದ. "ದಾರೀಲಿ ಕಾಲೇ ಬರ್ಲಿಲ್ಲ. ನಿನ್ನನ್ನ ನಾನು ನಂಬದೇ ಇನ್ಯಾರನ್ನ ನಂಬಲಿ? ಹೆಸರು ಬೇಡ. ಏನೂ ಬೇಡ. ಈ ದೀಪದ ಮುಂದೆ ಒಂದೇ ಒಂದು ಸಲ, ಯಾರು ಅಂತ ನಂಗೆ ಗೊತ್ತಿಲ್ಲ ಅಂದ್ಬಿಡು. ನಾನು ನಂಬ್ತೀನಿ. ಇನ್ನು ಸಾಯೋವರೆಗೂ ಈ ಮಾತೆತ್ತಲ್ಲ."

ಊರಿಗೆ ಊರೇ ನಂಬದೆ ಹೋದ ಮಾತನ್ನು ನಂಬುವವನೊಬ್ಬ ಕಡೆಗೂ ಸಿಕ್ಕಿದ್ದ. ಐದು ನಿಮಿಷ ಮೊದಲು ಬಂದಿದ್ದರೆ ಮಿಲುಟಿನ್ ಆ ಮೇಣದಬತ್ತಿಯನ್ನು ಕೈಯಲ್ಲೇ ಹಿಡಿದು ನೂರು ಸಲ ಆಣೆ ಮಾಡುತ್ತಿದ್ದ. ಡೆಸಾಂಕಾ ತಟ್ಟೆಯನ್ನೇ ನೋಡುತ್ತಿದ್ದಳು. ಮೇಣದಬತ್ತಿ ನೆಟ್ಟಗೆ ಉರಿಯುತ್ತಿತ್ತು, ಸಂತ ಲೂಕ ನೆಟ್ಟಗೆ ನೋಡುತ್ತಿದ್ದ.

"ಕೂತ್ಕೋ ಕುಮೆ," ಎಂದ ಮಿಲುಟಿನ್. "ಸಾರ್ಮಾ ಇನ್ನೂ ಬಿಸಿ ಇದೆ. ಮೊದ್ಲು ಸ್ವಲ್ಪ ಊಟ ಮಾಡು."

ಲ್ಯೂಬಿಶಾ ಕೂರಲಿಲ್ಲ.